ಸಾಸಿವೆ ಇಲ್ಲದ ಸಬ್ಬಕ್ಕಿ

ಜುಲೈ 3, ಬುಧವಾರ

ಈ ಡೈರಿ ಸಹಕಾರ ಸಂಘದವರು ಹೊಸ ವರ್ಷಕ್ಕೆ ಬಿಟ್ಟಿ ಕೊಟ್ಟದ್ದು. ಆರು ತಿಂಗಳು ಟಿವಿ ಪಕ್ಕದಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ಒರೆಸಿ ತೆಗೆದೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಗೋಡೆ ಜೊತೆ ಮಾತಾಡಿದರೆ ಪಕ್ಕದ ಮನೆಯವರು ಮೇಷ್ಟ್ರಿಗೆ ತಲೆ ಕೆಟ್ಟಿತು ಅಂದಾರು.

ಹೆಂಡತಿ ಸುಷ್ಮಾ ಹರಿಹರಕ್ಕೆ ತವರಿಗೆ ಹೋಗಿ ಆರು ತಿಂಗಳಾಗುತ್ತ ಬಂತು. ಸೀಮಂತ ಮುಗಿಸಿ ಜನವರಿಯಲ್ಲಿ ಹೋದಳು. ಮಾರ್ಚ್ ಎರಡಕ್ಕೆ ಹೆರಿಗೆಯಾಯಿತು. ಉಳಿಯಲಿಲ್ಲ. ಅಷ್ಟೇ, ಅದರ ಬಗ್ಗೆ ಇಲ್ಲಿ ಇನ್ನೇನೂ ಬರೆಯುವುದಿಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆ. ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ಮುಗಿಯುವುದರೊಳಗೆ ಊರು ಬರುತ್ತದೆ. ಮಾರ್ಚ್‌ನಲ್ಲಿ ಎರಡು ಸಲ, ಏಪ್ರಿಲ್‌ನಲ್ಲಿ ಒಂದು ಸಲ ಹೋದೆ. ಹೊರಗಿನ ಕೋಣೆಯಲ್ಲಿ ಕೂತು ಚಹಾ ಕುಡಿದು ಬಂದೆ. ಆಮೇಲೆ ಹೋಗಲಿಲ್ಲ. ಬಾಣಂತಿಯನ್ನು ಕರೆತರುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ತೊಟ್ಟಿಲ ಕಾರ್ಯ ಆಗಬೇಕು, ಐದನೇ ತಿಂಗಳಿಗೆ ಗಂಡನ ಮನೆ ಹೆಂಗಸರು ಅಕ್ಕಿ, ಕಾಯಿ, ರವಿಕೆಗೆ ಕುಬಸದ ಕಣ ತಗೊಂಡು ಹೋಗಿ ಉಡಿ ತುಂಬಿ ಕರೆದುಕೊಂಡು ಬರಬೇಕು. ತೊಟ್ಟಿಲೇ ಕಟ್ಟದಿದ್ದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಅವ್ವ ಬದುಕಿದ್ದರೆ ಅವಳನ್ನು ಕೇಳುತ್ತಿದ್ದೆ. ಈಗ ಅವರಾಗಿಯೇ 'ಮಗಳನ್ನ ಕಳಿಸ್ತೀವಿ' ಎನ್ನಲಿ ಎಂದು ಕಾಯುತ್ತಿದ್ದೇನೆ. ಅಷ್ಟಾದರೂ ಮರ್ಯಾದೆ ಬೇಡವೇ?

ಜುಲೈ 8, ಸೋಮವಾರ

ಆನಗೋಡಿನ ನಮ್ಮ ಶಾಲೆಗೆ ಹೊಸ ಉಸಾಬರಿ ಬಂದಿದೆ. ಆಗಸ್ಟ್ ಹದಿನೇಳಕ್ಕೆ ಕೊಂಡಜ್ಜಿಯ ಸ್ಕೌಟ್ ಮೈದಾನದಲ್ಲಿ ಮಕ್ಕಳ ವಿಜ್ಞಾನ ಮೇಳವಂತೆ. ಪ್ರಾಣಿಗಳ ಜೀವನಚಕ್ರವನ್ನು ಮಕ್ಕಳು ಕೈಯಾರೆ ಮಾಡಿ ತೋರಿಸಬೇಕಂತೆ. ಹೆಡ್‌ಮೇಡಂ ಮರುಳಸಿದ್ದಮ್ಮ ಪ್ರಸಾದ ಹಂಚಿದಂತೆ ಹಂಚಿದರು.

"ಶಿವಮೂರ್ತಿ, ನಾಲ್ಕನೇ ಕ್ಲಾಸಿಗೆ ಕಪ್ಪೆ."

"ನಂಗೆ ಚಿಟ್ಟೆ ಕೊಡ್ರಿ ಮೇಡಂ. ಬಣ್ಣದ ಪೇಪರ್ ಮಡಚಿ ಮುಗಿಸ್ತೀನಿ."

"ಚಿಟ್ಟೆ ಐದನೇ ಕ್ಲಾಸಿಗೆ ಐತೆ. ಕಪ್ಪೆ ಏನ್ ಪಾಪ ಮಾಡೈತ್ರಿ? ಚಾರ್ಟ್ ಅಂಟಿಸಿ ಕೈ ತೊಳ್ಕೊಂಬ್ಯಾಡ್ರಿ ಮತ್ತೆ. ಹುಡುಗ್ರ ಕೈಯಾಗೆ ಮಾಡಿಸ್ಬೇಕು."

ನನ್ನ ಕಷ್ಟ ಅವರಿಗೆ ಗೊತ್ತಿಲ್ಲ. ಮದುವೆಯಾದ ಐದು ವರ್ಷವೂ ನನ್ನ ಕ್ಲಾಸಿನ ಮಾದರಿಗಳನ್ನೆಲ್ಲ ಮಾಡಿದ್ದು ಸುಷ್ಮಾ. ಹೊಲಿಗೆ ಕಲಿತ ಕೈ. ಕತ್ತರಿ ಹಿಡಿದರೆ ರಟ್ಟು ತಾನಾಗಿ ತಿರುಗುತ್ತಿತ್ತು. ನಾನು ಅವಳ ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತ ಸಲಹೆ ಕೊಡುತ್ತಿದ್ದೆ. ಇವತ್ತು ಕಪ್ಪೆಯ ಹಂತಗಳನ್ನು ಅಂಟಿಸಿ ತಿರುಗಿಸುವ ಚಕ್ರಕ್ಕೆಂದು ನಾನೇ ರಟ್ಟಿನಲ್ಲಿ ಒಂದು ವೃತ್ತ ಕತ್ತರಿಸಿದೆ. ಮೊದಲ ಬೆಂಚಿನ ಹಮ್ಜಾ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಸಾರ್, ಇದು ಆಲೂಗಡ್ಡೆನಾ?" ಎಂದು ಕೇಳಿದ. ಬೈಯೋಣವೆಂದರೆ ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಜುಲೈ 11, ಗುರುವಾರ

ಕಪ್ಪೆಯ ಮೊಟ್ಟೆಗೆ ಸಬ್ಬಕ್ಕಿ ಆಗುತ್ತದೆ ಎಂದು ಹೊಳೆಯಿತು. ಬೆಂದರೆ ಪಾರದರ್ಶಕ, ನಡುವೆ ಒಂದು ಸಾಸಿವೆ ಒತ್ತಿದರೆ ಥೇಟ್ ಕೆರೆಯ ಮೊಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಒಂದು ಪಾತ್ರೆಯಲ್ಲಿ ಕುದಿಸಿದೆ. ಗಂಜಿಯಾಯಿತು. ಆ ಪಾತ್ರೆ ಇನ್ನೂ ಬಚ್ಚಲಲ್ಲಿ ನೆನೆಯುತ್ತಿದೆ.

ಕೊನೆಗೆ ಸುಷ್ಮಾಗೆ ಫೋನ್ ಮಾಡಿದೆ. ನಮ್ಮಿಬ್ಬರ ಫೋನ್ ಈಚೆಗೆ ಎರಡೇ ಮಾತು. ಊಟ ಆಯ್ತಾ ಅಂತ ನಾನು, ಆಯ್ತು ಅಂತ ಅವಳು. ಇವತ್ತು ಅದನ್ನು ಬಿಟ್ಟು ನೇರ ಕೇಳಿದೆ.

"ಸಬ್ಬಕ್ಕಿ ಅಂಟ್ಕೊಳ್ದಂಗೆ ನೆನೆಸೋದು ಹೆಂಗೆ?"

"ಯಾಕ, ಪಾಯಸ ಮಾಡ್ತೀರಾ?"

"ಇಲ್ಲ. ಕಪ್ಪೆ ಮೊಟ್ಟೆ ಮಾಡ್ತೀನಿ."

"ಕುದಿಸಿದ್ರಾ?"

"ಹೂಂ."

"ಕುದಿಸ್ಬ್ಯಾಡ್ರಿ. ತಣ್ಣೀರಾಗೆ ನೆನೆಸ್ರಿ. ಕಾಳಿನ ಮೇಲೆ ಒಂದ್ ಬೆರಳು ನೀರು ನಿಂತ್ರೆ ಸಾಕು. ಸಾಸಿವೆ ಒತ್ತಿದ ಮೇಲೆ ರಟ್ಟಿಗೆ ಒಂದ್ ಬಳೆ ಅಂಟಿಸಿ, ಅದ್ರೊಳಗೆ ಇಟ್ಟು, ಮೇಲೆ ಬಿಳಿ ಗಮ್ ಸುರೀರಿ. ಒಣಗಿದ್ರೆ ತಿಳಿ ಆಗುತ್ತೆ. ಲೋಳೆ ಕಂಡಂಗೆ ಕಾಣುತ್ತೆ."

"ಬಳೆ ಎಲ್ಲಿಂದ ತರ್ಲಿ?"

"ನನ್ನವು ಕಪಾಟಿನಾಗೆ ಅದಾವಲ್ಲ, ಹಳೇವು."

ನಾಲ್ಕು ನಿಮಿಷ ಮಾತಾಡಿದೆವು. ಮಾರ್ಚ್‌ನಿಂದೀಚೆಗೆ ಇದೇ ಹೆಚ್ಚು. ಕಪಾಟು ತೆಗೆದು ಬಳೆ ಹುಡುಕುತ್ತ ಅಲ್ಲೇ ನೆಲದ ಮೇಲೆ ಕೂತೆ. ಅವಳ ಸೀರೆಗಳ ವಾಸನೆ ಇನ್ನೂ ಹೋಗಿಲ್ಲ. ಅವಳು ಬೇಕು ನನಗೆ. ಯಾರೂ ಓದದ ಡೈರಿಯಲ್ಲಿ ಇಷ್ಟು ಬರೆಯಲು ನಾಚಿಕೆ ಯಾಕೆ?

ಜುಲೈ 15, ಸೋಮವಾರ

ಮೊಟ್ಟೆಯ ಹಂತ ಬೇಗ ಮುಗಿಸಿಬಿಡೋಣ ಎಂದು ಮೊದಲ ಪೀರಿಯಡ್ಡಿಗೇ ಸಬ್ಬಕ್ಕಿ ಹಂಚಿದೆ. ಬೇಗ ಮುಗಿಯಿತು, ಯಾಕೆಂದರೆ ಅರ್ಧ ಮೊಟ್ಟೆಗಳನ್ನು ಹಮ್ಜಾ ಮತ್ತು ಅವನ ಸಂಗಡಿಗರು ತಿಂದರು. ಸಾಸಿವೆಯ ಸಮೇತ. ಉಳಿದವುಗಳನ್ನು ಬಳೆಯೊಳಗೆ ಜೋಡಿಸುವ ಕೆಲಸ ಆಶಾಗೆ ಕೊಟ್ಟೆ. ಮಾತು ಕಡಿಮೆ, ಕೈ ನೀಟು.

"ಎಲ್ಲಾ ಮೊಟ್ಟೆನೂ ಮರಿ ಆಗ್ತಾವಾ ಸಾರ್?"

"ಆಗ್ತಾವೆ."

"ನಮ್ಮನೆ ಕೋಳಿ ಹನ್ನೊಂದು ಮೊಟ್ಟೆಗೆ ಕಾವು ಕುಂತಿತ್ತು. ಎಂಟೇ ಮರಿ ಆಗಿದ್ದು."

"ಅದು ಕೋಳಿ, ಇದು ಕಪ್ಪೆ. ನೀನು ಸಾಸಿವೆ ಇಡು."

ಇಟ್ಟಳು. ಎಲ್ಲದಕ್ಕೂ ಇಟ್ಟು ಒಂದನ್ನು ಮಾತ್ರ ಬಿಟ್ಟಳು. ಬಳೆಯ ಅಂಚಿನಲ್ಲಿ ಅದೊಂದು ಬೆಳ್ಳಗೆ ಕೂತಿತ್ತು.

"ಇದಕ್ಕೆ?"

"ಇದು ಹಂಗೇ ಇರೋದು ಸಾರ್. ಇದು ಮರಿ ಆಗಲ್ಲ."

"ಮೇಳದಾಗೆ ನೋಡೋಕೆ ಬಂದವರು ತಪ್ಪು ಅಂತಾರೆ. ಇಡು."

"ತಪ್ಪಲ್ಲ ಸಾರ್. ಇದೂ ಆ ಕಪ್ಪೆದೇ ಅಲ್ವಾ?"

ಗಂಟೆ ಹೊಡೆಯಿತು, ಹುಡುಗರು ಹೊರಗೆ ಓಡಿದರು. ನಾಳೆ ಅದನ್ನು ಚಿಮಟದಲ್ಲಿ ಕಿತ್ತು ಬೇರೆ ಇಡಬೇಕು.

ಜುಲೈ 16, ಮಂಗಳವಾರ

ಆ ಸಬ್ಬಕ್ಕಿ ತೆಗೆಯಲು ಮರೆತೆ.

ಜುಲೈ 21, ಭಾನುವಾರ

ಮಾವ ಕುಬೇರಪ್ಪ ಫೋನ್ ಮಾಡಿದ್ದರು. ಹೊಳೆಗೆ ನೀರು ಬಂದಿದೆ, ಮೆಟ್ಟಿಲು ಮುಳುಗಿವೆ ಎಂದರು. ದಾವಣಗೆರೆಯಲ್ಲಿ ಮಳೆ ಹೆಂಗೆ ಎಂದರು. ಹೇಳಿದೆ. ಇನ್ನೂ ಏನೋ ಇದ್ದಂತೆ ಉಸಿರು ಎಳೆದುಕೊಂಡು, "ಆಷಾಢ ಮುಗೀಲಿ ಬಿಡ್ರಿ" ಎಂದು ಫೋನ್ ಇಟ್ಟರು. ಆಷಾಢ ಮುಗಿದರೆ ಏನು? ಕಳಿಸುತ್ತಾರೋ, ಕಳಿಸುವುದಿಲ್ಲವೋ? ಬಿಡಿಸಿ ಹೇಳಿದರೆ ಇವರ ಗಂಟೇನು ಹೋಗುತ್ತದೆ?

ಬರೆಯುವುದಿಲ್ಲ ಎಂದಿದ್ದೆ, ಆದರೆ ಇವತ್ತು ಬೇರೇನೂ ತಲೆಗೆ ಬರುತ್ತಿಲ್ಲ. ಆಸ್ಪತ್ರೆಯಲ್ಲಿ ಸುಷ್ಮಾಗೆ ಎಚ್ಚರ ಬರುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತು. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನೂ ಮಾವನೂ ಹೊಳೆ ದಂಡೆಗೆ ಹೋಗಿ ಬಂದೆವು. ಬಂದ ಕೂಡಲೇ ಅತ್ತೆ ದುರುಗವ್ವ ನನ್ನನ್ನು ಕಂಬದ ಹಿಂದೆ ಕರೆದು, "ಅವಳು ಕೇಳಿದ್ರೆ ಮುಖ ನೋಡೀನಿ ಅನ್ಬ್ಯಾಡ್ರಿ. ಹೆಂಗಿತ್ತು ಅಂತ ಗೊತ್ತಾದ್ರೆ ಮಾಯೆ ಹತ್ತುತ್ತೆ. ಅವಳು ಬದುಕಬೇಕಲ್ಲ" ಎಂದರು. ಅಲ್ಲಿ ಕೂತಿದ್ದ ಹಿರಿಯ ಹೆಂಗಸರೆಲ್ಲ ಹೌದು ಹೌದು ಎಂದರು.

ಸಂಜೆ ಸುಷ್ಮಾ ಕೇಳಿದ್ದು ಅದೊಂದೇ.

"ನೀವು ನೋಡಿದ್ರಾ?"

"ಇಲ್ಲ" ಅಂದೆ.

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸುಸ್ತಾಗಿರಬೇಕು ಎಂದುಕೊಂಡೆ. ದೊಡ್ಡವರ ಮಾತು ಕೇಳಿದೆ, ಅದರಲ್ಲಿ ನನ್ನ ತಪ್ಪೇನು?

ಜುಲೈ 29, ಸೋಮವಾರ

ಗೊದಮೊಟ್ಟೆ ಮುಗಿದವು. ಹುಣಸೆ ಬೀಜಕ್ಕೆ ಕಪ್ಪು ಉಲ್ಲನ್ನಿನ ಬಾಲ. ಕಾಲು ಬಂದವಕ್ಕೆ ಕಸಬರಿಗೆ ಕಡ್ಡಿ. ಇದು ಹುಡುಗರದೇ ಐಡಿಯಾ, ನನ್ನ ಹೆಸರು ಹೇಳಿಕೊಳ್ಳುವಂತಿಲ್ಲ. ಹಮ್ಜಾ ಹುಣಸೆ ಬೀಜ ತಿನ್ನಲು ಹೋಗಿ ಹಲ್ಲು ನೋವು ಮಾಡಿಕೊಂಡ.

ಕಪ್ಪೆಗಳಿಗೆ ಹಸಿರು ಬಟ್ಟೆ ಬೇಕಿತ್ತು. ಸುಷ್ಮಾಳ ಹೊಲಿಗೆ ಡಬ್ಬಿಯಲ್ಲಿ ಒಂದು ತುಂಡು ಸಿಕ್ಕಿತು, ಕಾಗದದಲ್ಲಿ ಮಡಚಿಟ್ಟಿದ್ದಳು. ಮೆತ್ತಗಿತ್ತು. ಶಾಲೆಗೆ ಒಯ್ದು ಕತ್ತರಿಸಿ, ಮಕ್ಕಳು ಹತ್ತಿ ತುಂಬಿ ಹೊಲಿದರು. ಸಂಜೆ ಹೆಮ್ಮೆಯಿಂದ ಫೋನ್ ಮಾಡಿದೆ.

"ಯಾವ ಹಸಿರು?" ಎಂದಳು.

"ಗಿಣಿ ಹಸಿರು. ಕಾಗದದಾಗೆ ಸುತ್ತಿತ್ತಲ್ಲ."

"ಅದು ಕುಲಾವಿಗೆ ತಂದಿದ್ದೆ" ಎಂದಳು.

ಮಗುವಿನ ಟೋಪಿಗೆಂದು ತಂದ ಬಟ್ಟೆಯನ್ನು ನಾನು ಕಪ್ಪೆ ಮಾಡಿ ಕೂತಿದ್ದೆ. ನೆಲ ಬಾಯಿ ಬಿಡಬಾರದೇ ಅನಿಸಿತು.

"ಎಷ್ಟಾದ್ವು ಕಪ್ಪೆ?" ಎಂದು ಅವಳೇ ಕೇಳಿದಳು.

"ಆರು."

"ಹೊಲಿಗೆ ಬಿಚ್ಚಿಕೊಳ್ಳಂಗೆ ಹೊಲಿದಿರ್ತಾರೆ. ಇನ್ನೊಂದ್ ಸುತ್ತು ಹೊಲಿಸ್ರಿ. ಕಣ್ಣಿಗೆ ಮೆಣಸಿನ ಕಾಳು ಇಡ್ರಿ." ಧ್ವನಿ ಒದ್ದೆಯಾಗಿತ್ತು, ಆದರೆ ಫೋನ್ ಇಡಲಿಲ್ಲ. ಕಪ್ಪೆ ಹೊಲಿದ ಹುಡುಗಿಯರ ಹೆಸರು ಒಂದೊಂದಾಗಿ ಕೇಳಿದಳು.

ಇವತ್ತೂ ಆ ಸಬ್ಬಕ್ಕಿ ತೆಗೆಯಲಿಲ್ಲ. ಗಮ್ ಗಟ್ಟಿಯಾಗಿದೆ, ಕಿತ್ತರೆ ಉಳಿದವೂ ಬರುತ್ತವೆ.

ಆಗಸ್ಟ್ 5, ಸೋಮವಾರ

ಶ್ರಾವಣ ಬಂತು. ಹರಿಹರದಿಂದ ಫೋನ್ ಬರಲಿಲ್ಲ.

ಆಗಸ್ಟ್ 9, ಶುಕ್ರವಾರ

ಪಂಚಮಿ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದಾರೆ. ಎದುರು ಮನೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ದಿನವಿಡೀ ಗಲಾಟೆ. ನನ್ನವಳು ತವರಲ್ಲೇ ಇದ್ದಾಳೆ, ಹೊಸದಾಗಿ ಹೋಗುವುದೇನಿದೆ. ಪಕ್ಕದ ಮನೆಯವರು ಒಂದು ತಟ್ಟೆ ಉಂಡೆ ಕೊಟ್ಟರು. ಹೋದ ವರ್ಷ ಸುಷ್ಮಾ ಶೇಂಗಾ ಉಂಡೆ ಕಟ್ಟುವಾಗ ಬೆಲ್ಲ ಗಟ್ಟಿಯಾಗಿ ಕಲ್ಲಾಗಿತ್ತು. ನಾನು ಕುಟ್ಟಾಣಿ ತಂದೆ, ನಗುತ್ತ ನಗುತ್ತ ಅವಳಿಗೆ ಬಿಕ್ಕಳಿಕೆ ಹತ್ತಿತು. ಆ ಕುಟ್ಟಾಣಿ ಇಲ್ಲೇ ಇದೆ. ಉಂಡೆ ತಿನ್ನಲು ಆಗಲಿಲ್ಲ.

ಚಕ್ರ ಪೂರ್ತಿಯಾಗಿ ಮನೆಗೆ ತಂದಿದ್ದೇನೆ, ನಡುವೆ ಪಿನ್ ಬಿಗಿ ಮಾಡಲು. ತಿರುಗಿಸಿ ನೋಡಿದೆ. ಮೊಟ್ಟೆ, ಗೊದಮೊಟ್ಟೆ, ಕಾಲು ಬಂದದ್ದು, ಕಪ್ಪೆ, ಮತ್ತೆ ಮೊಟ್ಟೆ. ಎಷ್ಟು ಸಲ ತಿರುಗಿಸಿದೆನೋ, ಪ್ರತಿ ಸಲವೂ ಕಣ್ಣು ಮೊದಲು ಆ ಬಿಳಿ ಕಾಳಿಗೇ ಹೋಗುತ್ತದೆ. ಅದಕ್ಕೂ ಗಮ್ ಸರಿಯಾಗಿ ಹಿಡಿದಿದೆಯಾ ಎಂದು ಬೆರಳಿನಿಂದ ಮುಟ್ಟಿ ನೋಡಿದೆ.

ಆಗಸ್ಟ್ 13, ಮಂಗಳವಾರ

ಮರುಳಸಿದ್ದಮ್ಮ ಮೇಡಂ ಇವತ್ತು ಊಟದ ಹೊತ್ತಿಗೆ ನೇರ ಕೇಳಿದರು.

"ಮನೆಯೋರು ಯಾವಾಗ ಬರ್ತಾರ್ರಿ?"

"ಅವರು ಕಳಿಸ್ತೀವಿ ಅನ್ಬೇಕಲ್ಲ ಮೇಡಂ."

"ನೀವು ಕರೆಯೋಕೆ ಹೋಗಿದ್ರಾ?"

"ಹೆಂಗಸ್ರು ಹೋಗಿ ಕರೀಬೇಕು. ನಮ್ಮನೇಲಿ ಯಾರಿದಾರೆ? ತೊಟ್ಟಿಲೂ ಆಗಿಲ್ಲ."

"ಕರೆಯೋರು ಬರ್ದೆ ಮಗಳನ್ನ ಯಾರಾದ್ರೂ ಕಳಿಸ್ತಾರಾ? ನೀವಿಲ್ಲಿ ಕಾಯ್ತೀರಿ, ಅವರಲ್ಲಿ ಕಾಯ್ತಾರೆ. ಚೆನ್ನಾಗೈತೆ ನಿಮ್ಮ ಮರ್ಯಾದೆ."

ಬೈಸಿಕೊಂಡು ಸುಮ್ಮನಿರಬಹುದಿತ್ತು. ಯಾಕೋ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಆಸ್ಪತ್ರೆ, ಅತ್ತೆಯ ಮಾತು, ಸುಷ್ಮಾ ಕೇಳಿದ್ದು, ನಾನು ಇಲ್ಲ ಅಂದಿದ್ದು, ಎಲ್ಲ ಹೇಳಿದೆ. ಮೇಡಂ ಬುತ್ತಿ ಮುಚ್ಚಿದರು.

"ನಂದೂ ಒಂದು ಹೋಗೈತ್ರಿ, ಮೂವತ್ತೈದು ವರ್ಷ ಆತು. ನನಗೂ ಮಾಯೆ ಹತ್ತಬಾರ್ದು ಅಂದ್ರು. ಗಂಡೋ ಹೆಣ್ಣೋ ಅಂತಾನೂ ಹೇಳ್ಲಿಲ್ಲ. ಗೊತ್ತಿದ್ದವರೆಲ್ಲಾ ಹೋದ್ರು. ಇನ್ ಯಾರನ್ನ ಕೇಳ್ಲಿ?"

ಆಮೇಲೆ ಐದನೇ ಕ್ಲಾಸಿಗೆ ಹೋಗಿ ಚಿಟ್ಟೆಗೆ ಬಣ್ಣ ಹಚ್ಚಿಸಿದರು. ಸಂಜೆ ನನ್ನ ಕೈಗೆ ಒಂದು ಚೀಲ ಕೊಟ್ಟರು. ಅಕ್ಕಿ, ಕಾಯಿ, ಐದು ಅರಿಶಿನ ಕೊಂಬು, ಕುಬಸದ ಕಣ. "ಗಂಡಸ್ರು ಒಯ್ಯಬಾರ್ದು ಅಂತ ಎಲ್ಲೂ ಬರೆದಿಲ್ಲ" ಎಂದರು.

ಸುಷ್ಮಾ ಕಾದದ್ದು ಉಡಿಗಲ್ಲ. ಇಷ್ಟು ದಿನ ನಾನು ಯಾವ ಕತ್ತಲಲ್ಲಿ ಕೂತಿದ್ದೆ?

ಆಗಸ್ಟ್ 17, ಶನಿವಾರ

ಮೇಳ ಚೆನ್ನಾಗಿ ಆಯಿತು. ಕೊಂಡಜ್ಜಿ ಕೆರೆಯ ಗಾಳಿಗೆ ಐದನೇ ಕ್ಲಾಸಿನ ಚಿಟ್ಟೆಗಳು ನಿಜಕ್ಕೂ ಹಾರಿಹೋದವು, ಮೇಡಂ ಮೈದಾನದ ತುಂಬ ಓಡಾಡಿ ಹಿಡಿದರು. ನಮ್ಮ ಕಪ್ಪೆಗಳು ಜಪ್ಪಯ್ಯ ಎನ್ನಲಿಲ್ಲ. ಪರೀಕ್ಷಕರೊಬ್ಬರು ಬಿಳಿ ಕಾಳಿನ ಮೇಲೆ ಬೆರಳಿಟ್ಟು, "ಇಲ್ಲಿ ಸಾಸಿವೆ ಬಿಟ್ಟು ಹೋಗಿದೆ" ಎಂದರು. ಆಶಾ ನನ್ನ ಮುಖ ನೋಡಿದಳು. "ಬಿಟ್ಟು ಹೋಗಿಲ್ಲ ಸಾರ್, ಅದು ಹಂಗೇ ಇರೋದು" ಎಂದೆ ನಾನು. ಬಹುಮಾನ ಬರಲಿಲ್ಲ. ಹಮ್ಜಾ ಆ ಬೇಜಾರಿಗೆ ಎರಡು ತಟ್ಟೆ ಉಪ್ಪಿಟ್ಟು ತಿಂದ.

ಮಕ್ಕಳನ್ನು ಮೇಡಂ ಜೊತೆ ಕಳಿಸಿ, ಒಂದು ಕೈಯಲ್ಲಿ ಚಕ್ರ, ಒಂದು ಕೈಯಲ್ಲಿ ಉಡಿ ಚೀಲ ಹಿಡಿದು ಹರಿಹರದ ಬಸ್ಸು ಹತ್ತಿದೆ.

ದುರುಗವ್ವ ಬಾಗಿಲಲ್ಲೇ ಇದ್ದರು. ಚೀಲದಿಂದ ಇಣುಕುತ್ತಿದ್ದ ಕಾಯಿ ನೋಡಿ, ತಲೆ ಮೇಲೆ ಸೆರಗು ಎಳೆದುಕೊಂಡು, "ಕರೆಯೋಕೆ ಬಂದ್ರಾ?" ಎಂದರು. "ಬರಲ್ಲೇನೋ ಅಂದ್ಕಂಡಿದ್ವಿ. ಬರ್ರಿ, ಕೂಡ್ರಿ." ಕುಬೇರಪ್ಪ ಎದ್ದು ನಿಂತು ಫ್ಯಾನು ಹಾಕಿದರು. ಇಷ್ಟು ದಿನ ಇವರೂ ನನ್ನ ಹಾಗೆಯೇ ಫೋನು ನೋಡುತ್ತ ಕೂತಿದ್ದರು.

ಸುಷ್ಮಾ ಒಳಗಿನಿಂದ ಬಂದಳು. ಕೆನ್ನೆ ಇಳಿದಿದೆ. ನನ್ನ ಮುಖ ನೋಡಲಿಲ್ಲ, ಚಕ್ರ ತಗೊಂಡು ಚಾಪೆಯ ಮೇಲೆ ಕೂತಳು. ಕಪ್ಪೆಯ ಹೊಲಿಗೆ ಉಗುರಿನಿಂದ ಎಳೆದು ನೋಡಿದಳು. ಹಸಿರು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟಳು. ಮೆಲ್ಲಗೆ ತಿರುಗಿಸುತ್ತ ಮೊಟ್ಟೆಗೆ ಬಂದು ನಿಲ್ಲಿಸಿದಳು.

"ಇದಕ್ಯಾಕೆ ಸಾಸಿವೆ ಇಲ್ಲ?"

"ಆಶಾ ಇಡ್ಲಿಲ್ಲ. ಅದು ಮರಿ ಆಗ್ಲಿಲ್ಲ ಅಂತೆ. ಆದ್ರೂ ಆ ಕಪ್ಪೆದೇ ಅಂತೆ."

"ನೀವು ತೆಗೀಲಿಲ್ವಾ?"

"ತೆಗೀಬೇಕು ಅಂತಿದ್ದೆ. ಆಗ್ಲಿಲ್ಲ." ಅವಳ ಎದುರಿಗೆ ಚಾಪೆಯ ಮೇಲೆ ಕೂತೆ. "ಸುಷ್ಮಾ, ನಾನು ನೋಡಿದ್ದೆ. ಅವತ್ತು ಸುಳ್ಳು ಹೇಳಿದೆ."

ಅತ್ತೆ ಅಡುಗೆ ಮನೆ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ತಡೆಯುತ್ತಾರೆ ಎಂದುಕೊಂಡೆ. ತಂಬಿಗೆ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತರು.

"ನೋಡೋಕೂ ಮನಸ್ಸಾಗ್ಲಿಲ್ಲ ನಿಮಗೆ ಅಂತ ತಿಳ್ಕಂಡಿದ್ದೆ" ಎಂದಳು ಸುಷ್ಮಾ. "ಯಾರೂ ನೋಡ್ದೆ ಹೋತು ಅಂದ್ಕಂಡಿದ್ದೆ."

"ನೋಡಿದೆ. ದಾರಿ ಉದ್ದಕ್ಕೂ ನೋಡಿದೆ."

"ಹೇಳ್ರಿ ಹಂಗಾರೆ."

ಹೇಳಿದೆ. ಹೆಣ್ಣು. ತಲೆ ತುಂಬ ಕೂದಲು, ಹಣೆಗೆ ಅಂಟಿಕೊಂಡಿತ್ತು. ಹುಬ್ಬು ನಿನ್ನದು, ತೆಳ್ಳಗೆ. ಗದ್ದ ನಮ್ಮವ್ವಂದು. ಬಲಗೈ ಮುಷ್ಟಿ ಕಟ್ಟಿತ್ತು, ಎಡಗೈ ಬಿಚ್ಚಿತ್ತು, ಉಗುರು ಉದ್ದ ಬಂದಿದ್ದವು. ಒಂದು ಕಿವಿಯ ಮೇಲಂಚು ಮಡಚಿತ್ತು, ನಿನ್ನ ಕಿವಿ ಹಂಗೆ. ಕಣ್ಣು ಮುಚ್ಚಿತ್ತು. ಹೊಳೆ ದಂಡೆಯಲ್ಲಿ ಮಾವ ಒಂದು ಲಕ್ಕಿ ಗಿಡ ನೆಟ್ಟರು. ಮಣ್ಣಿಗೆ ಇಡುವ ಮೊದಲು ನಾನು ಬಟ್ಟೆ ಸರಿಸಿ ಇನ್ನೊಂದು ಸಲ ನೋಡಿದ್ದೆ.

ಸುಷ್ಮಾ ಅತ್ತಳು. ಮಾವನ ಎದುರಿಗೇ ನಾನೂ ಅತ್ತುಬಿಟ್ಟೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಇನ್ನೊಂದ್ ಸಲ ಹೇಳ್ರಿ" ಎಂದಳು. ಮೊದಲಿಂದ ಹೇಳಿದೆ.

"ನಂದೇ ತಪ್ಪು" ಎಂದರು ದುರುಗವ್ವ ಹೊಸ್ತಿಲಿಂದ.

ಆಗಸ್ಟ್ 19, ಸೋಮವಾರ

ಶ್ರಾವಣ ಸೋಮವಾರ ಕಳಿಸುತ್ತೇವೆ ಎಂದು ಅತ್ತೆ ಮಾವ ಹೇಳಿದ್ದರು, ನಾನೂ ಹರಿಹರದಲ್ಲೇ ಉಳಿದೆ. ಒಂದು ದಿನ ರಜೆ ಹಾಕಿದೆ. ಬೆಳಿಗ್ಗೆ ಮೊದಲು ನಾವಿಬ್ಬರೂ ಹೊಳೆ ದಂಡೆಗೆ ಹೋದೆವು. ಮಗಳ ಲಕ್ಕಿ ಗಿಡ ಮೊಣಕಾಲೆತ್ತರ ಬಂದಿದೆ. ಸುಷ್ಮಾ ಸುತ್ತಲಿನ ಹುಲ್ಲು ಕಿತ್ತಳು. ಮನೆಗೆ ಬಂದ ಮೇಲೆ ಅತ್ತೆ, ಮೇಡಂ ಕೊಟ್ಟ ಅಕ್ಕಿ ಕಾಯಿಯಿಂದಲೇ ಉಡಿ ತುಂಬಿದರು.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ತೊಡೆಯ ಮೇಲೆ ಚಕ್ರ. ನಾಳೆ ಅದನ್ನು ಕ್ಲಾಸಿಗೆ ಹಿಂತಿರುಗಿಸಬೇಕು, ಆಶಾ ಕೇಳುತ್ತಾಳೆ. ದಾವಣಗೆರೆ ಊರೊಳಗೆ ಬಂದು, ಮಂಡಕ್ಕಿ ಭಟ್ಟಿಗಳ ಹೊಗೆ ಕಾಣಿಸುವಾಗ ಕೇಳಿದಳು.

"ಮಡಚಿದ್ದು ಯಾವ ಕಿವಿ? ಎಡಗಡೇದಾ, ಬಲಗಡೇದಾ?"

"ಎಡಗಡೇದು."

ಬಸ್ಸು ಇಳಿದು ಆಟೋ ಹತ್ತಿ ಮನೆ ಮುಟ್ಟುವವರೆಗೂ ಅವಳು ತನ್ನ ಎಡಗಿವಿಯ ಮೇಲಿಂದ ಕೈ ತೆಗೆಯಲಿಲ್ಲ.